ಯಾರೂ ಹಾಕದ ಲೋಬಾನ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ಓದಿ ನಕ್ಕವಳು ನಾನು. ಯಾರೋ ಕಿವಿಯಲ್ಲಿ ಕರೆದರು, ಕನಸಿನಲ್ಲಿ ಬಂದು ಎಚ್ಚರಿಸಿದರು ಎಂದು ಯಾರಾದರೂ ಹೇಳಿದರೆ, ಅವತ್ತು ಏನು ತಿಂದಿದ್ದಿರಿ, ಸರಿಯಾಗಿ ನಿದ್ದೆ ಆಗಿತ್ತೇ ಎಂದು ಕೇಳುತ್ತಿದ್ದೆ. ಈಗ ನೀವು ನನ್ನನ್ನೂ ಅದನ್ನೇ ಕೇಳಬಹುದು. ಬೇಸರವಿಲ್ಲ. ರೊಟ್ಟಿ, ಪುಂಡಿಪಲ್ಯ ಉಂಡಿದ್ದೆ, ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದೆ. ನಡೆದದ್ದು ಹಾಡಹಗಲು.

ಆಗ ನಾನು ಸಿಂಧನೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಸಾಯನಶಾಸ್ತ್ರವೆಂದರೆ ಪ್ರಾಣ. ಪ್ರಯೋಗಾಲಯದಲ್ಲಿ ಹೆಸರು ಹೇಳದೆ ಒಂದು ಲವಣ ಕೊಟ್ಟು ಇದೇನೆಂದು ಕಂಡುಹಿಡಿಯಿರಿ ಎನ್ನುತ್ತಾರಲ್ಲ, ಅದರಲ್ಲಿ ನಾನು ಮುಂದು. ಕೊಳವೆಯ ಬಾಯಿಂದ ಕೈಬೀಸಿ ಒಂದಿಷ್ಟು ಗಾಳಿ ಮೂಗಿನತ್ತ ತಂದುಕೊಂಡರೆ ಅರ್ಧ ಉತ್ತರ ಸಿಕ್ಕಿಬಿಡುತ್ತಿತ್ತು. ನನ್ನ ಮೂಗಿಗೆ ಬೇರೆ ಹಾಲ್ ಟಿಕೆಟ್ ಕೊಡಬೇಕು ಎಂದು ಗೆಳತಿಯರು ಕಾಡುತ್ತಿದ್ದರು. ನಮ್ಮ ಕೆಮಿಸ್ಟ್ರಿ ಮೇಡಂ ಮಾತ್ರ, ಮೂಗು ಸರಿ, ಬರವಣಿಗೆ ಎಲ್ಲಿ ಎಂದು ಬೈಯುತ್ತಿದ್ದರು. ಕಂಡದ್ದನ್ನು ನಾಲ್ಕು ಜನಕ್ಕೆ ತಿಳಿಯುವಂತೆ ಬರೆಯಲು ಬಾರದಿದ್ದರೆ ಪ್ರಯೋಗ ಮಾಡಿ ಏನು ಬಂತು ಎನ್ನುವುದು ಅವರ ಮಾತು. ದಿನಾ ಒಂದೇ ಹೊತ್ತಿಗೆ ಕೂತು ಒಂದು ಪುಟ ಬರೆ, ಮನಸ್ಸು ಬರಲಿ ಬಾರದಿರಲಿ, ಸ್ವಲ್ಪ ದಿನಕ್ಕೆ ಮೈಗೇ ಅಭ್ಯಾಸವಾಗುತ್ತದೆ ಎಂದಿದ್ದರು. ಹಾಗೆ ಮಧ್ಯಾಹ್ನದ ಊಟವಾದ ಮೇಲೆ ಬರೆಯುವ ರೂಢಿ ಮಾಡಿಕೊಂಡಿದ್ದೆ.

ಆ ಬೇಸಿಗೆ ರಜೆಯಲ್ಲಿ ನಮ್ಮೂರು ಲಿಂಗಸುಗೂರಿನಿಂದ ಮಸ್ಕಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬಳಗಾನೂರಿನ ದೊಡ್ಡವ್ವನ ಮನೆಗೆ ಹೋಗಿದ್ದೆ. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಅವಳ ಮಗಳು ಗಿರಿಜಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು, ಏಳು ತಿಂಗಳು ತುಂಬಿತ್ತು. ಅವಳಿಗೆ ಜೊತೆಯಾಗಿರಲೆಂದು ನನ್ನನ್ನು ಕರೆಸಿಕೊಂಡಿದ್ದರು.

ದೊಡ್ಡವ್ವ ಬೆಳಗ್ಗೆ ಲಿಂಗಪೂಜೆ ಮುಗಿಯದೆ ಬಾಯಲ್ಲಿ ನೀರು ಹಾಕುವವಳಲ್ಲ. ಅಮಾವಾಸ್ಯೆಯ ಸಂಜೆ ಕೆಂಡದ ಮೇಲೆ ಲೋಬಾನ ಉದುರಿಸಿ, ಹೊಗೆಯನ್ನು ಮನೆಯ ಮೂಲೆಮೂಲೆಗೆ ಹಿಡಿಯುತ್ತಿದ್ದಳು. ಆ ಹೊಗೆ ಬರುವಾಗ ಮನೆಯಲ್ಲಿ ಯಾರೂ ಮಲಗಿರಬಾರದು, ಜ್ವರ ಬಂದವರೂ ಎದ್ದು ಕೂರಬೇಕು ಎನ್ನುವುದು ಆ ಮನೆಯ ಕಟ್ಟಳೆ. ಚಿಕ್ಕವಳಿದ್ದಾಗ ರಜೆಗೆ ಬಂದಾಗೆಲ್ಲ ಎಷ್ಟೋ ಸಲ ನಿದ್ದೆಯಿಂದ ಎಬ್ಬಿಸಿಕೊಂಡಿದ್ದೆ. ಕಾಲೇಜು ಸೇರಿದ ಮೇಲೆ ಒಮ್ಮೆ, ಲೋಬಾನ ಅಂದರೆ ಮರದ ಅಂಟು, ಅದಕ್ಕೆ ಎದ್ದು ನಿಂತು ಮರ್ಯಾದೆ ಯಾಕೆ ಎಂದು ವಾದ ಹೂಡಿದ್ದೆ.

"ನೀವು ಕಾಲೇಜಿನ್ಯಾಗ ಆ್ಯಸಿಡ್ ಮೂಸಿದ್ರ ಓದು, ನಾ ಲೋಬಾನ ಹಾಕಿದ್ರ ಮೂಢನಂಬಿಕಿ," ಅಂದಿದ್ದಳು ದೊಡ್ಡವ್ವ. "ಏಳ ಬೇ ಮೊದಲ. ಆಮ್ಯಾಲ ಪಾಠ ಹೇಳುವಂತಿ."

ಎದ್ದಿದ್ದೆ. ಅವಳ ಮುಂದೆ ಏಳದೆ ಇರುವುದು ಸಾಧ್ಯವಿರಲಿಲ್ಲ.

ಆ ದಿನ ಬೆಳಗ್ಗೆ ದೊಡ್ಡಪ್ಪ ಕಾಳಿನ ಕೋಣೆಯಲ್ಲಿ ಜೋಳ, ಭತ್ತದ ಚೀಲಗಳಿಗೆ ಹುಳ ಬೀಳದಂತೆ ಔಷಧದ ಗುಳಿಗೆ ಇಟ್ಟು, ಮೇಲೆ ತಾಡಪತ್ರಿ ಹೊದಿಸಿ, ಬಾಗಿಲು ಹಾಕಿ, ಎರಡು ದಿನ ಯಾರೂ ತೆರೆಯಬೇಡಿ ಎಂದು ಹೇಳಿ ಮಸ್ಕಿಗೆ ಹೋಗಿದ್ದರು. ಯಾರೂ ತೆರೆಯಲಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ನಾವು ಮಲಗುತ್ತಿದ್ದೆವು. ಎರಡೂ ಕೋಣೆಗಳ ನಡುವೆ ಹಳೆಯ ಬಾಗಿಲು, ಅದರ ಕೆಳಗೆ ಬೆರಳು ತೂರುವಷ್ಟು ಸಂದು. ಪ್ಲಗ್ ಇದ್ದದ್ದು ಆ ಬಾಗಿಲ ಬಳಿ ಮಾತ್ರ. ಹೀಗಾಗಿ ಗಿರಿಜಕ್ಕನಿಗೆ ಸೆಕೆಯಾಗಬಾರದೆಂದು ತಂದಿಟ್ಟ ಕೂಲರಿನ ಬೆನ್ನು ಆ ಬಾಗಿಲಿಗೇ ತಾಗಿತ್ತು. ಕೂಲರ್ ಹಿಂದಿನಿಂದ ಗಾಳಿ ಎಳೆದು ಮುಂದೆ ಬಿಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯಾವ ಗಾಳಿ ಎಳೆಯುತ್ತಿದೆ ಎಂದು ಯಾರೂ ಯೋಚಿಸಲಿಲ್ಲ. ಬಿಸಿಲು ಬರದಿರಲೆಂದು ಕಿಟಕಿಗಳನ್ನೂ ಮುಚ್ಚಿದ್ದೆವು.

ಊಟವಾದ ಮೇಲೆ ದೊಡ್ಡವ್ವ ಎದುರು ಮನೆಗೆ ಶಾವಿಗೆ ಮಾಡಲು ಹೋದಳು. ಗಿರಿಜಕ್ಕ ಮಂಚದ ಮೇಲೆ, ನಾನು ಕೆಳಗೆ ಚಾಪೆಯ ಮೇಲೆ ಬರೆಯುತ್ತ ಮಲಗಿದ್ದೆ. "ನನ್ನ ಬಗ್ಗೆ ಬರೀಬ್ಯಾಡ ನೋಡ, ಅಕ್ಕನ ಹೊಟ್ಟಿ ಕಾಳಿನ ಚೀಲ ಆಗೇತಿ ಅಂತ," ಎಂದು ಗಿರಿಜಕ್ಕ ನಕ್ಕು ಗೋಡೆಯ ಕಡೆ ಹೊರಳಿದಳು.

ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿಯ ವಾಸನೆ ಬಂತು. ಅಡುಗೆಮನೆಯಲ್ಲಿ ಬೆಳಗ್ಗೆ ಕುಟ್ಟಿದ ಚಟ್ನಿ ಅಂದುಕೊಂಡೆ. ಆಮೇಲೆ ಆ ವಾಸನೆಯೂ ತಿಳಿಯದಾಯಿತು. ತಲೆ ಭಾರವಾಯಿತು, ಹೊಟ್ಟೆ ತೊಳಸಿತು, ಬಿಸಿಲಿನದು ಎಂದು ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು.

ಲೋಬಾನದ ವಾಸನೆ ಬಂತು.

ಎಲ್ಲೋ ದೂರದಿಂದ ತೇಲಿ ಬಂದದ್ದಲ್ಲ. ಮುಖದ ಮುಂದೆಯೇ ಹಿಡಿದ ಹಾಗೆ, ಗಂಟಲು ಕೆರೆಯುವಷ್ಟು ದಟ್ಟವಾಗಿ. ಸಂಜೆಯಾಯಿತು, ದೊಡ್ಡವ್ವ ಬಂದಳು, ಬೈಯುತ್ತಾಳೆ, ಏಳಬೇಕು ಎಂದಷ್ಟೇ ಅನಿಸಿತು. ಕಾಲು ನಿಲ್ಲುತ್ತಿರಲಿಲ್ಲ. ಗೋಡೆ ಹಿಡಿದು ಎದ್ದು, ಅವಳಿಗೆ ದಾರಿ ಬಿಡಲು ಹೊರಗಿನ ಬಾಗಿಲು ತೆಗೆದೆ.

ಅಂಗಳದಲ್ಲಿ ಬೆಳ್ಳನೆ ಬಿಸಿಲು. ಒಂದು ಜೀವ ಇರಲಿಲ್ಲ. ಹೊಗೆ ಇರಲಿಲ್ಲ. ನಾಲ್ಕು ಸಲ ಹೊರಗಿನ ಗಾಳಿ ಎಳೆದುಕೊಂಡು ಕೋಣೆಯ ಕಡೆ ತಿರುಗಿದಾಗ ಬೆಳ್ಳುಳ್ಳಿಯ ವಾಸನೆ ಮುಖಕ್ಕೆ ಹೊಡೆಯಿತು. ಆಗ ನನ್ನ ಓದು ನೆನಪಾಯಿತು. ಕಾಳಿನ ಗುಳಿಗೆ, ಕೂಲರಿನ ತೇವ, ಎರಡೂ ಸೇರಿದರೆ ಹುಟ್ಟುವ ಬೆಳ್ಳುಳ್ಳಿ ವಾಸನೆಯ ವಿಷಗಾಳಿ ಫಾಸ್ಫೀನ್. ಗಿರಿಜಕ್ಕ ಒಳಗಿದ್ದಳು.

ಉಸಿರು ಬಿಗಿಹಿಡಿದು ಒಳಗೆ ಹೋದೆ. ಅವಳ ರಟ್ಟೆ ಹಿಡಿದು ಮಂಚದಿಂದ ಇಳಿಸಿ ಬಾಗಿಲಿನತ್ತ ಎಳೆದೆ. ಅವಳಿಗೆ ಎಚ್ಚರವಿರಲಿಲ್ಲ. ಕಿರುಚಲು ಉಸಿರಿಲ್ಲ, ಉಸಿರು ಎಳೆದುಕೊಳ್ಳುವ ಹಾಗಿಲ್ಲ. ಹೊಸ್ತಿಲಲ್ಲಿ ಅವಳ ಹೊಟ್ಟೆಗೆ ಪೆಟ್ಟಾಗದಂತೆ ಹೊರಳಿಸಿದ್ದು ಇವತ್ತಿಗೂ ನನ್ನ ಕೈಗೆ ನೆನಪಿದೆ. ನಿದ್ದೆ ಬಾರದ ದಿನಗಳಲ್ಲಿ ಆ ಹೊಸ್ತಿಲನ್ನು ಮತ್ತೆ ಮತ್ತೆ ದಾಟುತ್ತೇನೆ. ಒಮ್ಮೊಮ್ಮೆ ದಾಟಲು ಆಗುವುದಿಲ್ಲ.

ಅಂಗಳಕ್ಕೆ ಬಂದ ಮೇಲೆ ಕೂಗಿದೆ. ಎದುರು ಮನೆಯವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಮುಖಕ್ಕೆ ನೀರು ಚಿಮುಕಿಸಿದಾಗ ಗಿರಿಜಕ್ಕ ಕಣ್ಣು ಬಿಟ್ಟಳು. ನಾನು ಇನ್ನೂ ಯಾರಿಗೂ ಏನೂ ಹೇಳಿರಲಿಲ್ಲ.

"ಯವ್ವಾ, ಇವತ್ತು ಅಮಾಸಿ ಏನು?" ಎಂದಳು. "ಲೋಬಾನ ಯಾರ್ ಹಾಕ್ಯಾರ?"

ಅವತ್ತು ಅಮಾವಾಸ್ಯೆಯಲ್ಲ. ಆಮೇಲೆ ಓಣಿಯ ಮನೆಮನೆಗೂ ಹೋಗಿ ಕೇಳಿದ್ದೇನೆ, ಯಾರೂ ಲೋಬಾನ ಹಾಕಿರಲಿಲ್ಲ.

ನೆರೆಯವರ ಕಾರಿನಲ್ಲಿ ಸಿಂಧನೂರಿಗೆ ಒಯ್ದರು. ತಾಯಿ, ಮಗು ಇಬ್ಬರಿಗೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ವಾಸನೆ ಬಂದು ಎಚ್ಚರವಾದದ್ದು ಒಳ್ಳೆಯದಾಯಿತು ಎಂದೂ ಅಂದರು. ಯಾವ ವಾಸನೆ ಎಂದು ನಾನು ಹೇಳಲಿಲ್ಲ.

ದೊಡ್ಡವ್ವನಿಗೆ ಹೇಳಿದೆ. ದೇವರೇ ಬಂದ ಎನ್ನುತ್ತಾಳೆ, ಆಗ ನಾನು ವಾದ ಮಾಡಬಹುದು ಎಂದು ಕಾದೆ. ಅವಳು ಹಾಗೆ ಅನ್ನಲಿಲ್ಲ. ಕಾಳಿನ ಕೋಣೆ ತೆರೆದ ದಿನ ಚೀಲಗಳ ಹಿಂದೆ ಅವಳು ದಿನಾ ಹಾಲು ಹಾಕುತ್ತಿದ್ದ ಬೆಕ್ಕು ಸತ್ತು ಬಿದ್ದಿತ್ತು, ಹೊಟ್ಟೆಯಡಿ ಕಣ್ಣು ತೆರೆಯದ ಮರಿಗಳೂ ಹಾಗೇ. ಅದು ಅಲ್ಲಿ ಮರಿ ಹಾಕಿದ್ದು ಯಾರಿಗೂ ಗೊತ್ತಿರಲಿಲ್ಲ. ದೊಡ್ಡವ್ವ ಸೆರಗಿನಲ್ಲಿ ಒಂದೊಂದೇ ಮರಿಯನ್ನು ಎತ್ತಿಕೊಂಡಳು. ಆಗ ನಾನೇ ಬಾಯಿಬಿಟ್ಟು, ನಮ್ಮನ್ನಂತೂ ದೇವರು ಉಳಿಸಿದ ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

"ಹಂಗ ಅನಬ್ಯಾಡ ತಂಗಿ," ಎಂದಳು. "ನಿಮ್ಮ ಮೂಗಿಗೆ ಬಂದಾಂವ, ಈ ಬಾಣಂತಿ ಮೂಗಿಗೆ ಯಾಕ ಬರಲಿಲ್ಲ?"

ದೇವರು ಉಳಿಸಿದ ಎಂಬ ಮಾತನ್ನು ನಂಬುವವಳು ಹಾಗೆ ಕೈಬಿಟ್ಟಳು, ನಂಬದವಳ ಕೈಯಲ್ಲಿ ಅದು ಉಳಿಯಿತು. ಉಸಿರು ಕಟ್ಟಿದಾಗ ಮಿದುಳು ಇಲ್ಲದ ವಾಸನೆ ಹುಟ್ಟಿಸಬಹುದು ಎಂದು ಓದಿದ್ದೇನೆ. ಚಿಕ್ಕಂದಿನ ಅಭ್ಯಾಸವೇ ನನ್ನನ್ನು ಎಬ್ಬಿಸಿರಬಹುದು ಎಂದೂ ಒಪ್ಪುತ್ತೇನೆ. ಆದರೆ ಇಬ್ಬರಿಗೂ ಒಂದೇ ವಾಸನೆಯೇ? ಗಿರಿಜಕ್ಕನಿಗೆ ತಾನು ಹಾಗೆ ಕೇಳಿದ್ದೇ ಈಗ ನೆನಪಿಲ್ಲ. ಅವಳ ಮಗಳು ಈಗ ಶಾಲೆಗೆ ಹೋಗುತ್ತಾಳೆ.

ದಿನಕ್ಕೊಂದು ಪುಟ ಇವತ್ತಿಗೂ ಬರೆಯುತ್ತೇನೆ. ಈ ಪುಟವೊಂದನ್ನೇ ಇಷ್ಟು ವರ್ಷ ಮುಂದೂಡಿದ್ದೆ. ದೊಡ್ಡವ್ವ ಅಮಾವಾಸ್ಯೆಗೆ ಈಗಲೂ ಲೋಬಾನ ಹಾಕುತ್ತಾಳೆ. ಮೊದಲು ಒಯ್ಯುವುದು ಆ ಚೀಲಗಳ ಹಿಂದಿನ ಮೂಲೆಗೆ. ಯಾಕೆಂದು ನಾನು ಕೇಳಿಲ್ಲ. ಎಲ್ಲಿ ಆ ವಾಸನೆ ಬಂದರೂ ನಾನು ಎದ್ದು ನಿಲ್ಲುತ್ತೇನೆ, ಮೊದಲು ಬಾಗಿಲು ತೆರೆಯುತ್ತೇನೆ. ಹಾಕಿದವರು ಯಾರು ಎಂದು ಆಮೇಲೆ ನೋಡುತ್ತೇನೆ.