ಅಂಗೈಯ ಲಿಂಗ ಜಾರಿದ್ದು ತಿಳಿಯದೇ ಹೋದ ಬೆಳಗು

ಶರಣ ಬಂಧುಗಳೇ, ಖಟಕ ಚಿಂಚೋಳಿಯ ಎತ್ತಿನ ದಲ್ಲಾಳಿ ಶಿವರಾಜನ ಶರಣಾರ್ಥಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದು ನನ್ನ ಕಸುಬು, ಬರೆಯುವುದಲ್ಲ. ಆದರೂ ನನಗಾದದ್ದು ನಿಮ್ಮಲ್ಲಿ ಯಾರಿಗೂ ಆಗಬಾರದೆಂದು ಬರೆಯುತ್ತಿದ್ದೇನೆ.

ಹೋದ ವರ್ಷ ಶ್ರಾವಣದ ಮೊದಲ ಸೋಮವಾರ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಎದುರಿಗಿದ್ದ ನನ್ನ ಹೆಂಡತಿ ನೀಲಮ್ಮ ಒಮ್ಮೆಲೇ ಚೀರಿದಳು. ಕಣ್ಣು ತೆರೆದರೆ ಅಂಗೈ ಖಾಲಿ! ಲಿಂಗ ಜಾರಿ ನನ್ನ ಮಡಿಲಲ್ಲಿ ಬಿದ್ದಿತ್ತು. ಬಿದ್ದದ್ದಂತೂ ಬಿತ್ತು, ಬಿದ್ದದ್ದೇ ನನಗೆ ತಿಳಿದಿರಲಿಲ್ಲವಲ್ಲ! ಎತ್ತಿ ಮತ್ತೆ ಅಂಗೈಯಲ್ಲಿಟ್ಟೆ. ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯಲಿಲ್ಲ. ಭಾರವಿಲ್ಲ, ತಂಪಿಲ್ಲ. ಸಣ್ಣವನಿದ್ದಾಗ ಕೊರಳಿಗೆ ಬಂದ ಲಿಂಗ ನನ್ನನ್ನು ಬಿಟ್ಟು ಹೋಯಿತು ಎಂದುಕೊಂಡೆ. 

ಹಿಂದಿನ ಸಂಗತಿ ಹೇಳಬೇಕು. ಏಳು ವರ್ಷದ ಹಿಂದೆ ನಾನು ಬಸ್ಸಿನಲ್ಲಿ ಇಬ್ಬರ ಜಾಗ ಹಿಡಿಯುತ್ತಿದ್ದವ. ಸಕ್ಕರೆ ಕಾಯಿಲೆಯೂ ಮೈತುಂಬ ಇತ್ತು. ಹೈದರಾಬಾದಿನಲ್ಲಿ ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡೆ. ಮೈ ಇಳಿಯಿತು, ಸಕ್ಕರೆ ಹಿಡಿತಕ್ಕೆ ಬಂತು. ಅಂದಿನಿಂದ ದಿನಾ ಒಂದು ಶಕ್ತಿಯ ಗುಳಿಗೆ ತಪ್ಪದೆ ನುಂಗುತ್ತಿದ್ದೆ. ಬೆರಳು ಜುಮುಗುಡಲು ಶುರುವಾದಾಗ ಭಾಲ್ಕಿಯಲ್ಲಿ ರಕ್ತ ನೋಡಿಸಿದೆ. "ರಕ್ತ ಬರಾಬರ ಅದರಿ" ಅಂದರು. ಗುಳಿಗೆ ನುಂಗುತ್ತಿದ್ದೇನೆ, ರಕ್ತ ಚೆನ್ನಾಗಿದೆ, ಅಂದಮೇಲೆ ಇದು ದೇಹದ ರೋಗವಲ್ಲ, ದೇವರ ಮುನಿಸು ಎಂದು ನಾನೇ ತೀರ್ಮಾನಿಸಿಬಿಟ್ಟೆ.

ದಲ್ಲಾಳಿಗೆ ದೇವರ ಮುಂದೆಯೂ ಒಂದೇ ವಿದ್ಯೆ ಬರುವುದು. "ತಂದೆ, ನಾನು ಹಾಲು, ಮೊಸರು, ಮಜ್ಜಿಗೆ ಬಿಡುತ್ತೇನೆ, ನೀನು ಅಂಗೈಗೆ ಬಾ" ಎಂದು ಬೇಡಿದೆ. ನೀಲಮ್ಮ ಮೊಸರಿನ ಗಡಿಗೆ ಮುಂದಿಟ್ಟು ಬೈದಳು.

"ದೇವರ ಜೋಡಿನೂ ಸಂತಿ ವ್ಯಾಪಾರ ಮಾಡ್ಲತ್ತೀರೇನ್ರಿ? ಅವಾ ನಿಮಗ ಮೊಸರು ಕೇಳ್ಯಾನೇನು?"

"ನಿನಗ ತಿಳಿಯಲ್ಲ, ಗಪ್ ಕೂಡು."

ಅವಳು ಗಪ್ ಕೂತಳು, ನನ್ನ ಕಾಲು ಕೂರಲಿಲ್ಲ. ಅಂಗಾಲಿನ ಕೆಳಗೆ ಹತ್ತಿ ಹಾಸಿದಂತೆ ಆಗತೊಡಗಿತು. ಮುಖ ತೊಳೆಯಲು ಕಣ್ಣು ಮುಚ್ಚಿದರೆ ವಾಲುತ್ತಿದ್ದೆ. ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ದಿನವೂ ಅಳುತ್ತ ಬೇಡಿದೆ. ಉತ್ತರ ಬರಲಿಲ್ಲ.

ಉತ್ತರ ಬಂದದ್ದು ಔರಾದಿನ ದನದ ಸಂತೆಯಲ್ಲಿ.

ನಮ್ಮಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಹೇಳುತ್ತೇವೆ, ಬೆರಳು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಸುತ್ತ ನಿಂತವರಿಗೆ ತಿಳಿಯಬಾರದು. ಕೈ ಹೊರಗೆ ಬಂದು ಹೂಂ ಅಂದರೆ ಮಾತು ಮುಗಿಯಿತು, ಮುರಿಯುವಂತಿಲ್ಲ. ಅಂದು ನಾನು ಮೆಹಕರದ ಒಬ್ಬ ರೈತನ ಜೋಡಿ ಎತ್ತು ಮಾರಿಸಲು ನಿಂತಿದ್ದೆ. ಕೊಳ್ಳುವವರ ಕಡೆ ಖಾಜಾಸಾಬ. ಮೂವತ್ತು ವರ್ಷದಿಂದ ನನ್ನ ಎದುರಾಳಿ. ನನ್ನ ಗಿರಾಕಿಗಳನ್ನು ಕಸಿದವ, ನಾನೂ ಅವನವರನ್ನು ಕಸಿದವ.

ಟವೆಲ್ ಒಳಗೆ ಅವನು ಹಿಡಿದ. ನಾನು ಒಂದು ಬೆರಳು ಹೆಚ್ಚು ಮಾಡಿ ತಿರುಗಿ ಹಿಡಿದೆ. ಅವನ ಮುಖ ವಿಚಿತ್ರವಾಯಿತು. ಮತ್ತೆ ಹಿಡಿದ, ನಾನೂ ಮತ್ತೆ ಹಿಡಿದೆ. ಆಗ ಅವನು ಯಾವ ದಲ್ಲಾಳಿಯೂ ಮಾಡದ ಕೆಲಸ ಮಾಡಿದ. ಎಲ್ಲರ ಎದುರು ಟವೆಲ್ ಕಿತ್ತೆಸೆದ.

"ಲೇ ಶಿವರಾಜಾ, ನಾ ಎಷ್ಟು ಬೆರಳ ಹಿಡದೀನೋ?"

"ಮೂರು."

"ನೋಡ್ರಪ್ಪಾ! ನಾ ಐದೂ ಹಿಡದೀನಿ, ಇವಾ ನಾಕು ಕೊಡು ಸಾಕು ಅಂತಾನ!"

ಸಂತೆ ನಕ್ಕಿತು. ನಾನು ಕೆಳಗೆ ನೋಡಿದೆ. ನನ್ನ ಕೈ ಇನ್ನೂ ಅವನ ಕೈಯಲ್ಲೇ ಇತ್ತು, ಐದೂ ಬೆರಳು ಅವನ ಮುಷ್ಟಿಯಲ್ಲಿ. ನನಗೆ ಗೊತ್ತೇ ಆಗಿರಲಿಲ್ಲ. ಅವನು ನಗಲಿಲ್ಲ.

"ಹೂಂ ಅಂದಿದ್ರ ಎತ್ತು ನನಗ ಪುಕ್ಕಟ ಸಿಕ್ಕಂಗ ಇತ್ತು. ಆದ್ರ ಸತ್ತ ಕೈ ಜೋಡಿ ನಾ ಸೌದಾ ಮಾಡಲ್ಲ. ನಡಿ ಬೀದರಿಗಿ, ದವಾಖಾನಿ ತೋರಸ್ತೀನಿ."

"ಇದು ದೇವರ ಮುನಿಸು ಖಾಜಾ."

"ದೇವರಿಗಿ ಬ್ಯಾರೆ ಕೆಲಸ ಇಲ್ಲೇನೋ? ಜಲ್ದಿ ನಡಿ, ಬಸ್ ಹೋಗ್ತದ."

ಬಸ್ಸಿನ ಮೆಟ್ಟಿಲನ್ನು ಅವನ ಹೆಗಲು ಹಿಡಿದೇ ಹತ್ತಿದೆ.

ಬೀದರಿನ ಡಾಕ್ಟರಮ್ಮ ಕಬ್ಬಿಣದ ಕವೆಯೊಂದನ್ನು ಬಡಿದು, ಅದು ನಡುಗುತ್ತಿರುವಾಗ ನನ್ನ ಕಾಲ ಹೆಬ್ಬೆರಳಿಗೆ ಇಟ್ಟರು. ಏನೂ ತಿಳಿಯಲಿಲ್ಲ.

"ಹಿಂದ ಏನರ ಆಪರೇಷನ್ ಆಗ್ಯಾದೇನ್ರಿ?"

"ಆಗ್ಯಾದ್ರಿ. ಆದ್ರ ಅದು ಹೊಟ್ಟಿದು, ಇದು ಕೈಕಾಲಿಂದು."

ಅವರು ಮತ್ತೆ ನನ್ನ ರಕ್ತ ತೆಗೆಸಿದರು. ರಕ್ತ ಪರೀಕ್ಷೆಯ ಫಲ ಬಂದ ಮೇಲೆ ತಿಳಿಸಿ ಹೇಳಿದರು. ಆಪರೇಷನ್‌ನಲ್ಲಿ ಅನ್ನದ ದಾರಿ ತಿರುಗಿಸಿದ್ದಾರೆ. ಹೀಗಾಗಿ ನರಗಳಿಗೆ ಬೇಕಾದ ಬಿ ಹನ್ನೆರಡು ಎಂಬ ವಿಟಮಿನ್ ಮೈಗೆ ಸೇರುವುದು ಕಷ್ಟ. ನನ್ನ ಗುಳಿಗೆಯಲ್ಲಿ ಅದು ಇದ್ದದ್ದು ಚೂರು. ಅದೇ ಗುಳಿಗೆಯಲ್ಲಿದ್ದ ಇನ್ನೊಂದು ವಿಟಮಿನ್ ರಕ್ತವನ್ನು ಮಾತ್ರ ಚೆನ್ನಾಗಿ ಇಟ್ಟಿತ್ತು, ಒಳಗೆ ನರ ಒಣಗುತ್ತಿದ್ದವು. ಮಾಂಸ, ತತ್ತಿ ತಿನ್ನದ ನನಗೆ ಆ ವಿಟಮಿನ್ ಸ್ವಲ್ಪವಾದರೂ ಸಿಗುತ್ತಿದ್ದದ್ದು ಹಾಲು ಮೊಸರಿನಿಂದ. ಅದನ್ನೂ ಬಿಟ್ಟಿದ್ದೇನೆ ಅಂದೆ.

"ಹಾಲು ಬಿಡ್ರಿ ಅಂತ ನಿಮಗ ಯಾರು ಹೇಳಿದ್ರು?"

"ಯಾರೂ ಇಲ್ರಿ. ನಾನೇ ದೇವರಿಗಿ ಹೇಳಿ ಬಿಟ್ಟೀನಿ."

"ಇನ್ನ ತಡ ಮಾಡಿದ್ರ ನಡಿಗಿನೂ ಹೋಗ್ತಿತ್ತು. ಒಮ್ಮೊಮ್ಮೆ ಹೋದದ್ದು ವಾಪಸ್ ಬರಲ್ರಿ."

ಹೊಟ್ಟೆಯ ದಾರಿ ಬಿಟ್ಟು ತೋಳಿಗೆ ಸೂಜಿ ಶುರುವಾಯಿತು. ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಹರಕೆಗೆಂದು ನಾನು ಬಿಟ್ಟದ್ದು ಬರೀ ಹಾಲಲ್ಲ, ನನ್ನ ಕೈಕಾಲನ್ನೇ ಬಿಡುತ್ತಿದ್ದೆ. ಲಿಂಗ ಮೊದಲ ದಿನವೇ ಮಡಿಲಿಗೆ ಬಿದ್ದು ಎಚ್ಚರಿಸಿತ್ತು. ನಾನು ಕೇಳದಿದ್ದಾಗ ಬಸವತಂದೆ ಖಾಜಾಸಾಬನ ಕೈಯಿಂದ ನನ್ನ ಬೆರಳು ಹಿಡಿಸಿದ.

ಬಂಧುಗಳೇ, ಈ ಆಪರೇಷನ್ ಆದವರು ನಿಮ್ಮ ಮನೆಯಲ್ಲಿದ್ದರೆ ನನ್ನ ಮಾತು ಕೇಳಿ. ತೂಕ ಇಳಿದ ಮಾತ್ರಕ್ಕೆ ಸೌದಾ ಮುಗಿಯುವುದಿಲ್ಲ, ಅದು ಬದುಕಿರುವ ತನಕದ್ದು. ಯಾವ ಡಾಕ್ಟರ ಬಳಿ ಹೋದರೂ ಮೊದಲು ಆಪರೇಷನ್ ಸಂಗತಿ ಹೇಳಿ. ರಕ್ತ ಚೆನ್ನಾಗಿದೆ ಅಂದರೆ ಎದ್ದು ಬರಬೇಡಿ, ವಿಟಮಿನ್‌ಗಳನ್ನೂ ವರ್ಷ ವರ್ಷ ನೋಡಿಸಿ. ಜುಮುಗುಟ್ಟಿದರೆ ಅಂದೇ ಹೋಗಿ. ದೇವರ ಹೆಸರಿನಲ್ಲಿ ಊಟ ಬಿಡುವ ಮೊದಲು ಡಾಕ್ಟರನ್ನು ಕೇಳಿ. ದೇವರು ಸಿಟ್ಟಾಗುವುದಿಲ್ಲ, ಇದು ನನ್ನ ಜವಾಬ್ದಾರಿ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗು. ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದೆ. ಅಂಗೈಯ ನಡುವೆ ಬಟಾಣಿಯಷ್ಟು ಜಾಗದಲ್ಲಿ ತಣ್ಣಗಾಯಿತು. ಆಮೇಲೆ ಭಾರ. ಕಣ್ಣು ತೆರೆಯಲು ಧೈರ್ಯ ಬರಲಿಲ್ಲ.

"ನೀಲಾ, ಅಂಗೈದಾಗ ಅದಾನೇನ?"

"ಅದಾನ. ಎಲ್ಲಿ ಹೋಗ್ತಾನ?" ಅಂದಳು. ಬಿಸಿ ಅನ್ನ, ಮೊಸರಿನ ಗಡಿಗೆ ಮುಂದಿಡುತ್ತ ಕೇಳಿದಳು, "ಈ ಸಲ ಏನ್ ಕೊಟ್ರಿ?"

"ಏನೂ ಇಲ್ಲ."

ಬಲಗೈಯ ಎರಡು ಬೆರಳ ತುದಿ ಇನ್ನೂ ಮಂಕಾಗಿಯೇ ಇವೆ. ಅವು ಬರಬಹುದು, ಬಾರದೆಯೂ ಇರಬಹುದು. ಅವುಗಳಿಗಾಗಿ ನಾನು ಚೌಕಾಸಿ ಮಾಡಲಿಲ್ಲ. ಅಂಗೈ ಮುಚ್ಚಿಕೊಂಡು, ಆ ಭಾರ ಹಿಡಿದುಕೊಂಡು, ಅನ್ನ ತಣ್ಣಗಾಗುವ ತನಕ ಕೂತೇ ಇದ್ದೆ.