ಊಟದ ಬಿಡುವು

ಆಳಂದದ ದಾಲ್ ಮಿಲ್ಲೊಂದರಲ್ಲಿ ನಾನು ಮ್ಯಾನೇಜರ್. ಕೊರಳಲ್ಲಿ ಲಿಂಗವಿರುವ ನಾನು ಕ್ಯಾಥೊಲಿಕರ ಸಾಮಾಜಿಕ ಬೋಧನೆ ಕಲಿಯಲು ಕಲಬುರಗಿಗೆ ಹೋದದ್ದು, ಜೊತೆಗೆ ಓದಿದ ಗೆಳೆಯನೊಬ್ಬ ಗಂಟುಬಿದ್ದದ್ದರಿಂದ. ಆರು ಭಾನುವಾರದ ತರಗತಿ. ಪುಕ್ಕಟೆ ಕಲಿಸುವವರಿಗೆ ಏನೋ ಬೇಕಾಗಿರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಪಾಠ ಹೇಳುವ ಫಾದರ್ ಯಾವಾಗ ಮತಾಂತರದ ಮಾತೆತ್ತುತ್ತಾರೋ ಎಂದು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತೆ. ಅವರು ಕೊಟ್ಟ ಚಹಾ ಕೂಡ ಕುಡಿಯಲಿಲ್ಲ. ಅವರು ಆ ಮಾತು ಎತ್ತಲೇ ಇಲ್ಲ. ಅದರಿಂದ ನನ್ನ ಅನುಮಾನ ಇನ್ನಷ್ಟು ಹೆಚ್ಚಾಯಿತು.

ಕೆಲಸ ಮಾಡುವವರು ತಾವೇ ತೀರ್ಮಾನಿಸಬಲ್ಲದ್ದನ್ನು ಮೇಲಿನವರು ಕಸಿದುಕೊಳ್ಳಬಾರದು ಎಂದು ಕೊನೆಯ ಭಾನುವಾರ ಫಾದರ್ ಹೇಳಿದರು. ದಾರಿಯುದ್ದಕ್ಕೂ ಆ ಮಾತಿನಲ್ಲಿ ಮೋಸ ಹುಡುಕಿದೆ. ಸಿಗಲಿಲ್ಲ.

ಮರುದಿನ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಹೆಂಗಸರ ಮುಂದೆ ಹೋಗಿ ನಿಂತೆ.

"ಊಟಕ್ಕ ಯಾವಾಗ ಏಳಬೇಕು ಅನ್ನೂದು ಇನ್ನ ಮ್ಯಾಲ ನೀವೇ ಠರಾಯಿಸ್ರಿ" ಎಂದೆ.

ಆಡುತ್ತಿದ್ದ ಮೊರಗಳೆಲ್ಲ ಒಮ್ಮೆಗೇ ನಿಂತವು. ಅವರಲ್ಲಿ ಹಿರಿಯಳು ನನ್ನ ಮುಖವನ್ನೇ ನೋಡಿದಳು.

"ಯಾಕ್ರಿ ಸಾಹೇಬ್ರ, ನಮ್ಮನ್ನ ಕೆಲಸದಿಂದ ತೆಗೀತೀರೇನ್ರಿ?"

ನನಗೆ ರೇಗಿತು. "ಒಳ್ಳೇದು ಮಾಡಾಕ ಬಂದ್ರೂ ಸಂಶಯ ಏನಬೇ ನಿನಗ?"

"ಇಷ್ಟ ವರ್ಷ ನೀರು ಕುಡಿಯಾಕ ಏಳಬೇಕಂದ್ರೂ ನಿಮ್ಮನ್ನ ಕೇಳೇವ್ರಿ" ಎಂದಳು ಆಕೆ. "ಇವತ್ತ ಒಮ್ಮಿಗೇ ನೀವೇ ಠರಾಯಿಸ್ರಿ ಅಂದ್ರ, ಅಂಜಿಕಿ ಬರಂಗಿಲ್ಲೇನ್ರಿ?"