ತಾರಸಿಯ ಮೇಲಿನ ಹುಲ್ಲು

ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರದ ಕಾಂಪ್ಲೆಕ್ಸೊಂದರಲ್ಲಿ ನಮ್ಮ ಟೈಲರ್ ಅಂಗಡಿ ಇರುವುದು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ, ಸ್ಲ್ಯಾಬಿನ ಕೆಳಗೇ. ಮಲೆನಾಡೆಂದರೆ ಬರೀ ತಂಪು ಎಂದು ನಂಬಿಕೊಂಡವರನ್ನು ಏಪ್ರಿಲ್ ಮಧ್ಯಾಹ್ನ ಇಲ್ಲಿ ಕೂರಿಸಿ ನಾಲ್ಕು ಬ್ಲೌಸಿಗೆ ಹುಕ್ಕು ಹಾಕಿಸಬೇಕು. ಫ್ಯಾನು ತಿರುಗಿದಷ್ಟೂ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ.

ನಾನು ಹೆಂಗಸರ ಬಟ್ಟೆ ಹೊಲಿಯುತ್ತೇನೆ. ನನ್ನ ಗಂಡನದು ಶರ್ಟು, ಪ್ಯಾಂಟು. ಹೃದಯದ ಕಾಯಿಲೆ ಬಂದ ಮೇಲೆ ಡಾಕ್ಟರು ಅವರಿಗೆ ಸೆಕೆಯಲ್ಲಿ ಕೂರಲೇಬಾರದು ಎಂದರು. ಕೆಳಗಿನ ಮಳಿಗೆ ನಮಗೆ ಎಟುಕುವಂಥದ್ದಲ್ಲ. ಬಟ್ಟೆಯನ್ನು ಮನೆಗೇ ತಂದುಕೊಡುತ್ತೇನೆ ಎಂದರೆ ಕೇಳುವ ಆಸಾಮಿಯಲ್ಲ ಅವರು. ಮನುಷ್ಯನನ್ನು ಎದುರು ನಿಲ್ಲಿಸಿ, ಹೆಗಲು ಯಾವ ಕಡೆ ಇಳಿದಿದೆ ಎಂದು ಕಣ್ಣಾರೆ ನೋಡದೆ ಒಂದು ಬಟ್ಟೆಗೂ ಕತ್ತರಿ ಹಾಕಿದವರಲ್ಲ. ಅಂಗಡಿ ಬಿಟ್ಟರೆ ಕಸುಬೇ ಬಿಟ್ಟಂತೆ. ಹಾಗಾಗಿ ಆ ಕೋಣೆ ತಂಪಾಗಬೇಕಿತ್ತು.

ಅಷ್ಟರಲ್ಲಿ ಕಟ್ಟಡದ ಮಾಲೀಕರಿಗೆ ಹುಲ್ಲಿನ ಹುಚ್ಚು ಹಿಡಿಯಿತು. ಅವರು ಅಡಿಕೆ ತೋಟದ ಮನೆಯವರು, ವಯಸ್ಸಾದವರು. ಯಾರದೋ ಮದುವೆಗೆ ಹೋದ ಊರಿನಲ್ಲಿ ಹೋಟೆಲೊಂದರ ತಾರಸಿ ತುಂಬ ಹುಲ್ಲು ಬೆಳೆಸಿದ್ದನ್ನು ಕಂಡು ಬಂದಿದ್ದರು. ನಮ್ಮ ಕಡೆ ತಾರಸಿ ಎಂದರೆ ಅಡಿಕೆ ಒಣಗಿಸುವುದಕ್ಕೆ, ಇಲ್ಲವೇ ಮೇಲೊಂದು ಶೀಟು ಹೊದಿಸುವುದಕ್ಕೆ. ಪೇಟೆಯವರು ನಕ್ಕರು. ನಾನೂ, "ದನ ಹತ್ತಕ್ಕೆ ಮೆಟ್ಲು ಸಾಕಾಗ್ತದಾ ಅಯ್ಯಾ?" ಎಂದು ಕೇಳಿದೆ. ಶಿವಮೊಗ್ಗದಿಂದ ಬಂದ ಕೆಲಸದವರು ಸ್ಲ್ಯಾಬಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಜಲ್ಲಿ ಹರಡಿ, ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಣ್ಣನ್ನು ತೆಳ್ಳಗೆ ಹಾಕಿ ಹುಲ್ಲು ನೆಟ್ಟರು. ಇದರ ಮೇಲೆ ಇನ್ನು ಮಣ್ಣು ಹಾಕಬೇಡಿ ಎಂದು ಹೇಳಿ ಹೋದರು.

ಮುಂದಿನ ಬೇಸಿಗೆಗೆ ನನ್ನ ನಗು ನಿಂತಿತು. ಕೋಣೆ ನಿಜಕ್ಕೂ ತಂಪಾಗಿತ್ತು. ಕರೆಂಟು ಹೋದರೂ ಕೂರಬಹುದಿತ್ತು. ಬೇಸಿಗೆಯ ನಡುವೆ ಅಡ್ಡಮಳೆ ಬಂದಾಗ ನೀರು ಮೊದಲಿನಂತೆ ಧೋ ಎಂದು ಕೆಳಗಿನ ಅಂಗಡಿಯ ಮೆಟ್ಟಿಲಿಗೆ ಬೀಳದೆ ಪೈಪಿನಲ್ಲಿ ಸಣ್ಣಗೆ ಇಳಿಯುತ್ತಿತ್ತು. ನನ್ನ ಗಂಡ ಬೆಳಗಿನ ಬಸ್ಸಿಗೆ ನನ್ನ ಜೊತೆ ಬಂದು ಸಂಜೆಯವರೆಗೂ ಕತ್ತರಿ ಆಡಿಸಿದರು.

"ಮಾರಾಯ್ತಿ, ತಲೆ ಮೇಲೆ ಗದ್ದೆ ಇಟ್ಕಂಡು ಕೂತಂಗಾಯ್ತು," ಎಂದರು ಒಂದು ದಿನ. ಆ ಬೇಸಿಗೆಯಷ್ಟು ಸಂತೋಷವನ್ನು ನಾನು ಮತ್ತೆ ಕಾಣಲಿಲ್ಲ.

ಎಲ್ಲ ಕೆಟ್ಟದ್ದು ಪ್ರೀತಿಯಿಂದಲೇ. ಬೇಸಿಗೆಯಲ್ಲಿ ತೋಟಕ್ಕೆ ಹೊಸ ಮಣ್ಣು ಹಾಕಿಸಿ, ಬೆಟ್ಟದ ಸೊಪ್ಪು ಹರಡುವುದು ಮಾಲೀಕರ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು. ಹುಲ್ಲು ಅಲ್ಲಲ್ಲಿ ಹಳದಿಯಾದದ್ದು ಕಂಡು ಅವರಿಗೆ ಮನಸ್ಸು ತಡೆಯಲಿಲ್ಲ. ಮಳೆಗಾಲ ಹತ್ತಿರವಿದ್ದಾಗ ಕೆಂಪು ಮಣ್ಣಿನ ಬುಟ್ಟಿಗಳು ನಮ್ಮ ಬಾಗಿಲ ಮುಂದೆಯೇ ಮೇಲೆ ಹೋದವು. ಅವುಗಳ ಹಿಂದೆ ಸೊಪ್ಪಿನ ಹೊರೆಗಳು.

"ಅಯ್ಯಾ, ಮಣ್ಣು ಬ್ಯಾಡ ಅಂದಿದ್ರಲ್ಲ ಅವ್ರು?" ಎಂದು ನನ್ನ ಗಂಡ ಕೇಳಿದರು.

"ಅವ್ರಿಗೆ ಎಂತ ಗೊತ್ತು ಮಾರಾಯ? ಮಣ್ಣು, ಸೊಪ್ಪು ಕಾಣದೆ ಯಾವ ತೋಟ ಉಳಿದೀತು ಹೇಳು. ಹುಲ್ಲಿಗೂ ಹೊಟ್ಟೆ ಇರ್ತದೆ," ಎಂದರು ಮಾಲೀಕರು.

ಅವರ ಮುಖದ ಅಕ್ಕರೆ ನೋಡಿ ನಾವು ಹೊರೆಗಳಿಗೆ ದಾರಿ ಬಿಟ್ಟೆವು.

ಮಳೆ ಹಿಡಿದ ಮೇಲೆ ಕೊಳೆತ ಸೊಪ್ಪು ಹೋಗಿ ಪೈಪಿನ ಬಾಯಿಗೆ ಕೂತಿತು. ನೀರು ನಿಂತು, ಹಸಿ ಮಣ್ಣಿನ ಭಾರಕ್ಕೆ ಅಡಿಯ ಪ್ಲಾಸ್ಟಿಕ್ ಹರಿದು ಸ್ಲ್ಯಾಬು ಬಿರುಕುಬಿಟ್ಟಿತು. ಮೊದಲ ಹನಿ ಬಿದ್ದದ್ದು ಮದುಮಗನೊಬ್ಬನ ಬಿಳಿ ಶರ್ಟಿನ ಮೇಲೆ, ಕೆಂಪಗೆ. ಇಂಜಿನಿಯರು ಬಂದು ನೋಡಿ, ಎಲ್ಲ ತೆಗೆಸಿ ಎಂದರು. ಆಳುಗಳು ಸುರಿಯುವ ಮಳೆಯಲ್ಲೇ ಹುಲ್ಲನ್ನು ಗುದ್ದಲಿಯಿಂದ ಕೆರೆದು ಕೆಳಗೆ ಎಸೆದರು. ಮಾಲೀಕರು ರಸ್ತೆಯಾಚೆ ಕೊಡೆ ಹಿಡಿದು ನಿಂತಿದ್ದರು. ಮಳೆಗಾಲ ಮುಗಿದ ಮೇಲೆ ಬಿರುಕು ಮುಚ್ಚಿಸಿ, ತಾರಸಿಗೆಲ್ಲ ಕಪ್ಪು ಟಾರ್ ಶೀಟ್ ಅಂಟಿಸಿದರು.

ಇನ್ನೊಂದು ಸಲ ತೆಳ್ಳಗೆ ಹುಲ್ಲು ಹಾಕಿಸಿ ಎಂದು ನಾನು ಮಾಲೀಕರನ್ನು ಅಂಗಲಾಚಿದೆ.

"ಹುಲ್ಲಿನ ಸುದ್ದಿ ನನ್ನ ಹತ್ರ ಎತ್ಬೇಡ ತಂಗಿ," ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಹುಲ್ಲು ಏನು ತಪ್ಪು ಮಾಡಿತ್ತು? ಆದರೆ ಸುದ್ದಿ ಆಚೆ ಸಾಗರ, ಈಚೆ ತೀರ್ಥಹಳ್ಳಿಯವರೆಗೂ ಹೋಗಿತ್ತು. ಹುಲ್ಲು ಹಾಕಿದರೆ ಸೋರುತ್ತದೆ ಎಂಬುದಷ್ಟೇ ಎಲ್ಲರಿಗೂ ಗೊತ್ತು. ಆ ಒಂದು ಬೇಸಿಗೆ ತಂಪಾಗಿತ್ತು ಎಂದರೆ ಕೇಳಿಸಿಕೊಳ್ಳುವವರಿಲ್ಲ.

ಕಪ್ಪು ಶೀಟು ಮೊದಲಿಗಿಂತ ಹೆಚ್ಚು ಕಾಯಿತು. ಮಾರ್ಚಿನಲ್ಲೇ ಒಂದು ಮಧ್ಯಾಹ್ನ ಅಳತೆ ತೆಗೆಯುತ್ತಿದ್ದ ನನ್ನ ಗಂಡ, ಟೇಪು ಕೈಯಲ್ಲಿರುವಂತೆಯೇ ಗಿರಾಕಿಯ ಮೇಲೆ ಒರಗಿಬಿಟ್ಟರು. ಜೀವ ಉಳಿಯಿತು, ಆದರೆ ಮತ್ತೆ ಅಂಗಡಿಗೆ ಬರಲಿಲ್ಲ. ಅವರ ಮಿಷನ್ನಿಗೆ ಹಳೇ ಸೀರೆಯ ತುಂಡು ಹೊದಿಸಿದ್ದೇನೆ. ಈಗ ಮನೆಯ ಜಗಲಿಯಲ್ಲಿ ಕೂತಿರುತ್ತಾರೆ. ನಾನು ಬಸ್ಸಿಳಿದು ಬಂದ ಕೂಡಲೇ, "ಮೇಲೆ ಏನಾದ್ರೂ ಚಿಗುರಿದ್ಯಾ?" ಎಂದು ಕೇಳುತ್ತಿದ್ದರು. ನೋಡಲಿಲ್ಲ ಎನ್ನುತ್ತಿದ್ದೆ. ನೋಡಲು ಧೈರ್ಯವಿರಲಿಲ್ಲ.

ಈ ವರ್ಷ ಮೊದಲ ಮಳೆ ಬಿದ್ದ ಮೇಲೆ ತಾರಸಿ ಹತ್ತಿದೆ. ಎರಡು ಶೀಟು ಕೂಡುವ ಕಡೆ ಒಂದು ಹಿಡಿ ಹುಲ್ಲು ಎದ್ದಿತ್ತು, ಅದೇ ಹುಲ್ಲು. ಸುಮಾರು ಹೊತ್ತು ಪಕ್ಕದಲ್ಲಿ ಕೂತೆ. ಬೇರು ಶೀಟಿನ ಅಡಿಗೆ ಇಳಿದರೆ ಮತ್ತೆ ಸೋರುತ್ತದೆ, ಕೆಳಗೆ ಇರುವುದೆಲ್ಲ ಊರವರ ಬಟ್ಟೆ. ಬೇರು ಸಮೇತ ಕಿತ್ತು ಹಾಕಿದೆ.

ಸಂಜೆ ಅವರು ಕೇಳಿದರು. ನೋಡಿ ಬಂದೆ, ಎಂತದೂ ಇಲ್ಲ ಎಂದೆ. "ಹೂಂ," ಎಂದರು. ಮರುದಿನದಿಂದ ಕೇಳುವುದನ್ನು ಬಿಟ್ಟರು.